ಆತೋ ಇಲ್ಲೋ

ಭೋಸರಿಯಲ್ಲಿ ಗುರುವಾರ ಕರೆಂಟಿಗೆ ರಜೆ.
ಬುಧವಾರ ರಾತ್ರಿಯೇ ಮಾಲು ಮುಗಿಯಬೇಕು.
ಹತ್ತೂವರೆಗೆ ಗವ್ಹಾಣೆಯವರ ಫೋನು:
‘ಲವ್ಕರ್ ಯೇ, ಮಷೀನಿಗೆ ಚಳಿಜ್ವರ.’

ಮಲ್ಟಿಮೀಟರು, ಅರ್ಧ ಬಾಟಲಿ ಸ್ಪಿರಿಟ್ಟು,
ದಸ್ತಗೀರ ಮಾಮಾ ಕೊಟ್ಟ ತುದಿ ಸವೆದ ಸ್ಕ್ರೂಡ್ರೈವರು
ಸ್ಕೂಟಿಯ ಡಿಕ್ಕಿಯಲ್ಲಿ ಸದ್ದು ಮಾಡುತ್ತ
ಲಾಂಡೇವಾಡಿ ದಾಟಿದವು.

ನಿಜಕ್ಕೂ ನಡುಗುತ್ತಿತ್ತು.
ಮೇಜು ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ.
ಎಲ್ಲಿ ನಿಲ್ಲಬೇಕೆಂದು ಗೊತ್ತು,
ನಿಂತಿದ್ದೇನೆಯೇ ಎಂಬುದೇ ಗೊತ್ತಿಲ್ಲ.

ಪ್ಯಾನಲ್ಲಿನ ಕದ ತೆರೆದೆ.
ಮೇಲೆ ಕಂಟ್ರೋಲರು, ಮಾತಿನ ಮಲ್ಲ.
‘ನೂರಾ ಹನ್ನೆರಡಕ್ಕೆ ಹೋಗು’ ಅನ್ನುತ್ತದೆ, ತಾನು ಕೂತಲ್ಲೇ ಕೂತು.
ಆ ಮಾತಿಗೆ ಸೊಳ್ಳೆಯ ರೆಕ್ಕೆಯೂ ಅಲುಗದು.
ಕೆಳಗಿನ ಡ್ರೈವು ಆ ಪಿಸುಮಾತು ಕೇಳಿಸಿಕೊಂಡು
ಗೋಡೆಯ ಕರೆಂಟನ್ನು ಕತ್ತರಿಸಿ, ಅಳೆದು,
ಮೂರು ತಂತಿಗೆ ಹಂಚುತ್ತದೆ,
ದಲಾಲಿ ಎಂದು ಒಂದಿಷ್ಟು ಬಿಸಿ ತಾನಿಟ್ಟುಕೊಂಡು.
ಹಸಿರು ದೀಪ. ಫ್ಯಾನು ತಿರುಗುತ್ತಿದೆ. ಇದರ ತಪ್ಪಲ್ಲ.

ಮೋಟರಿನ ಮೇಲೆ ಅಂಗೈ ಇಟ್ಟೆ. ಬಡಪಾಯಿ,
ಇದಕ್ಕೆ ತಿರುಗುವುದೊಂದೇ ಗೊತ್ತು.
ತಿರುಗಿದ್ದನ್ನು ನಡಿಗೆ ಮಾಡುವುದು ಅದರಾಚೆಯ ಉದ್ದ ಸ್ಕ್ರೂ.
ಸವೆದಿಲ್ಲ, ಸಡಿಲವಿಲ್ಲ.

‘ಕಾಯ ಝಾಲಂ?’ ಗವ್ಹಾಣೆ, ಮೂರನೆಯ ಸಲ.
‘ಗೇನ್ ಕಮ್ಮಿ ಮಾಡಲೇ?’ ಆಪರೇಟರ್ ಹುಡುಗ.
ಬೇಡ ಎಂದೆ. ನಡುಕದ ಕಾರಣ ಹುಡುಕದೆ
ಕೈಯನ್ನೇ ಕಟ್ಟಿಹಾಕಿದ ಹಾಗೆ ಅದು.

ಮಾಮಾ ಕಲಿಸಿದ್ದು ದಾಪೋಡಿಯ ಪತ್ರಾ ಶೆಡ್ಡಿನಲ್ಲಿ,
ಇಂಡಿ ತಾಲೂಕಿನ ಮಾತಿನಲ್ಲಿ:
‘ಹೋಗಂತ ಹೇಳೂದು ಯಾರಿಗೂ ಬರ್ತದವ್ವಾ.
ಆತೋ ಇಲ್ಲೋ ಅಂತ ತಿರುಗಿ ಕೇಳೂದೈತಲ್ಲ,
ಅದ ಖರೇ ಕೆಲಸ.’
ನನ್ನವ್ವ ರೊಟ್ಟಿ ಬಡಿಯುವುದನ್ನು ತೋರಿಸಿದ್ದರು:
‘ನೋಡು, ಕೈ ಬಡೀತದ, ಕಿವಿ ಕೇಳ್ತದ.
ಸಪ್ಪಳ ಬದಲಾತಂದ್ರ ಕೈ ತಾನ ಹಗುರಾಗ್ತದ.’
ಹೇಳಿದ್ದಕ್ಕೂ ಆದದ್ದಕ್ಕೂ ನಡುವೆ ಉಳಿದದ್ದನ್ನು
ಪುಸ್ತಕದಲ್ಲಿ ಎರರ್ ಅನ್ನುತ್ತಾರೆ.
ಮಾಮಾ ಬಾಕಿ ಅನ್ನುತ್ತಿದ್ದರು.
ಬಾಕಿ ಇರುವಷ್ಟು ಹೊತ್ತು ನಡೆ. ತೀರಿತೋ, ನಿಲ್ಲು.

ಮೋಟರಿನ ಬೆನ್ನ ಮುಚ್ಚಳ ಬಿಚ್ಚಿದೆ.
ಎನ್‌ಕೋಡರು: ಹಳೆಯ ಎಂಟಾಣೆಯಷ್ಟು ಗಾಜಿನ ಬಿಲ್ಲೆ,
ಅಂಚಿಗೆ ಎರಡೂವರೆ ಸಾವಿರ ಗೆರೆ,
ಗೆರೆ ಎಣಿಸಲು ಕೂತ ಒಂದು ಕಣ್ಣು.
ಬಿಲ್ಲೆಯ ಮೇಲೆ ಒಂದೇ ಒಂದು ಹನಿ ಕೂಲಂಟು
ಪೊರೆಗಟ್ಟಿತ್ತು.
ಕಣ್ಣಿಗೆ ಎಣಿಕೆ ತಪ್ಪುತ್ತಿತ್ತು, ಮೇಲಿನವನು
ಇನ್ನೂ ಮುಂದೆ, ಅಯ್ಯೋ ಹಿಂದೆ, ಎನ್ನುತ್ತಿದ್ದ.

ಹತ್ತಿ, ಸ್ಪಿರಿಟ್ಟು. ಉಸಿರು ಹಿಡಿದು ಒರೆಸಿದೆ.
ಕರೆಂಟು ಕೊಟ್ಟ ಮೇಲೆ ಮೊದಲು ಹೋಮ್‌ಗೆ ಕಳಿಸಬೇಕು,
ಎಚ್ಚರಾದಾಗ ಅದಕ್ಕೆ ತಾನೆಲ್ಲಿದ್ದೇನೆಂದು ನೆನಪಿರುವುದಿಲ್ಲ.
ತಡಕುತ್ತ ಹೋಗಿ ಮೂಲೆಯ ಸ್ವಿಚ್ಚು ಮುಟ್ಟಿ
ಇಲ್ಲಿಂದ ಸೊನ್ನೆ ಎಂದುಕೊಂಡಿತು.
ಆಮೇಲೆ ನೂರಾ ಹನ್ನೆರಡು.
ನಿಂತಿತು.
ಸಾವಿರ ಹೇಳಿದ್ದೆ, ಗವ್ಹಾಣೆ ಎಂಟುನೂರು ಕೊಟ್ಟರು.
ಬಾಕಿ ಇನ್ನೂರು.

ಬೆಳಿಗ್ಗೆ ಮಾಮಾನ ಮನೆಗೆ ಹೋದೆ.
ನಲವತ್ತು ವರ್ಷ ಕಾಯಿಲ್ ಸುತ್ತಿದ ಬೆರಳು,
ಸಕ್ಕರೆ ಕಾಯಿಲೆ ತಿಂದು ಎರಡು ವರ್ಷ.
ಹಿಡಿಯುತ್ತವೆ, ಹಿಡಿದದ್ದು ಗೊತ್ತಾಗುವುದಿಲ್ಲ.
ಅಂಗಿಯ ಗುಂಡಿಗೆ ಕನ್ನಡಿ ಬೇಕು.

ಹನಿಯ ಕತೆ ಹೇಳಿದೆ.
‘ಎಲ್ಲಿಂದ ಬಂತು ನೋಡಿದೇನು?’
ನೋಡಿರಲಿಲ್ಲ.
‘ಸೀಲು ಬದಲಿ ಮಾಡು. ಇಲ್ಲಂದ್ರ ಮತ್ತ ನಡುಗ್ತದ.’

ಮೊಮ್ಮಗಳು ಫರ್ಜಾನಾ ಚಾ ತಂದಳು.
ಕಪ್ಪನ್ನು ಕಣ್ಣಲ್ಲೇ ಹಿಡಿದು ಬಾಯಿವರೆಗೆ ತಂದರು.
ಕುಡಿದಾದ ಮೇಲೆ ಇಳಿಸಲಿಲ್ಲ.
ಹಿತ್ತಿಲಾಚೆ ಲೋನಾವಳೆ ಲೋಕಲ್ಲು ಹೋಗುತ್ತಿತ್ತು,
ಅದರ ಕೊನೆಯ ಡಬ್ಬಿಯೂ ದಾಟಲೆಂದು
ಕೈ ಗಾಳಿಯಲ್ಲೇ ಕಾಯಿತು.
ಆಮೇಲೆ ಮೆಲ್ಲಗೆ, ನನ್ನನ್ನೇ ನೋಡುತ್ತ,
ಬಸಿಯ ಮೇಲೆ ಅದು ಟಿಕ್ ಎನ್ನುವವರೆಗೂ
ಬೆರಳು ಬಿಡಲಿಲ್ಲ.